ಮಾರ್ಕ್ 5 ಡೈವಿಂಗ್ ಹೆಲ್ಮೆಟ್: ಕಚ್ಚಿಕೊಂಡ ಬಾನೆಟ್ ಬಿಚ್ಚಿದ್ದು ಹೀಗೆ

ಅಮೆರಿಕ ನೌಕಾಪಡೆಯ ಹಳೆಯ ಮಾರ್ಕ್ 5 ಹೆಲ್ಮೆಟ್. ಬಾನೆಟ್, ಅಂದರೆ ತಲೆಯ ಭಾಗ, ಎದೆಕವಚದ ಮೇಲೆ ಅಲ್ಲಾಡದೆ ಕೂತಿತ್ತು. ಕತ್ತಿನ ಉಂಗುರದ ಸುತ್ತ ಹಸಿರು ಕಿಲುಬು, ಒಳಗೆ ಒಣಗಿ ಅಂಟಿದ ಚರ್ಮದ ವಾಷರ್.

ಹೊರಗಿನಿಂದ ಮಾತ್ರ ಎಣ್ಣೆ ಹಾಕಿದ್ದು, ರಬ್ಬರ್ ಸುತ್ತಿಗೆಯಿಂದ ತಟ್ಟಿದ್ದು, ಎರಡೂ ಕೆಲಸಕ್ಕೆ ಬರಲಿಲ್ಲ. ಟಾರ್ಚಿನ ಬೆಂಕಿ ಬೇಡವೇ ಬೇಡ. ತವರ 232 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತದೆ. ಕಲಾಯಿ, ಬೆಸುಗೆ ಎರಡೂ ಹಾಳು.

ಕೆಲಸ ಮಾಡಿದ ಕ್ರಮ ಇದು. ಮೊದಲು ಹಿಂಬದಿಯ ಸುರಕ್ಷತಾ ಲಾಕ್ ಎತ್ತಿ. ಅದು ಇಳಿದಿದ್ದರೆ ಎಷ್ಟು ತಿರುಗಿಸಿದರೂ ಸುಮ್ನೆ. ಸಂದಿಯ ಸುತ್ತ ಪೆನೆಟ್ರೇಟಿಂಗ್ ಆಯಿಲ್, ಅಂದರೆ ಸಂದಿಯೊಳಗೆ ಇಳಿಯುವ ತೆಳು ಎಣ್ಣೆ, ಹನಿಸಿ ರಾತ್ರಿಯಿಡೀ ಬಿಡಿ. ಮರುದಿನ ಹೆಲ್ಮೆಟ್ ತಲೆಕೆಳಗು ಮಾಡಿ, ಒಳಗಿನ ಸಂದಿಗೂ ಹಾಗೇ ಹಾಕಿ. ವಾಷರ್ ನೆನೆಯುವುದು ಇದರಿಂದಲೇ. ಎದೆಕವಚದ 12 ಬೋಲ್ಟ್‌ಗಳನ್ನು ದಪ್ಪ ಹಲಗೆಯ ತೂತುಗಳಿಗೆ ಕೂರಿಸಿ ಬಿಗಿಯಿರಿ. ಬಿಸಿನೀರಲ್ಲಿ ಅದ್ದಿದ ಬಟ್ಟೆಯನ್ನು ಉಂಗುರಕ್ಕೆ ಸುತ್ತಿ, ಆರಿದಂತೆ ಬದಲಿಸಿ. ಆಮೇಲೆ ಇಬ್ಬರು ಎದುರುಬದುರು ನಿಂತು ಬಾನೆಟ್ಟಿನ ಬುಡವನ್ನೇ ಹಿಡಿಯಿರಿ. ಗಾಳಿಕೊಳವೆ, ಕಿಟಕಿಯ ಜಾಲರಿ ಹಿಡಿದರೆ ಬೆಸುಗೆ ಬಿಡುತ್ತದೆ. ಮೊದಲು ಬಿಗಿಯುವ ಕಡೆಗೆ ಚೂರು, ನಂತರ ಬಿಚ್ಚುವ ಕಡೆಗೆ. ಉಂಗುರದ ಸ್ಕ್ರೂ ಎಳೆಗಳನ್ನು ನಡುನಡುವೆ ಜಾಗ ಬಿಟ್ಟು ತುಂಡುತುಂಡಾಗಿಯೇ ಮಾಡಿರುತ್ತಾರೆ, ಹಾಗಾಗಿ ಎಂಟನೇ ಒಂದು ಸುತ್ತು ಸಾಕು. ಅಷ್ಟಾದ ಮೇಲೆ ನೇರವಾಗಿ ಮೇಲಕ್ಕೆತ್ತಿ. ಹಳೆಯ ವಾಷರ್ ಎಸೆಯಬೇಡಿ, ಹೊಸದಕ್ಕೆ ಅಳತೆ ಅದರಿಂದಲೇ ಸಿಗುವುದು.