ಅಂಗಳದ ಕುರ್ಚಿ ಬಿಡಿಸುವುದು ಹೇಗೆ?

ಉಡುಪಿಯಲ್ಲಿ ನಾವು ಕೆಲವರು ಭಾನುವಾರ ಬೆಳಿಗ್ಗೆ ಹೊರಗೆ ಕೂತು ಚಿತ್ರ ಬಿಡಿಸುತ್ತೇವೆ. ತೆಂಗಿನಮರ, ದೋಣಿ ಎಲ್ಲರಿಗೂ ಬರುತ್ತದೆ. ಗರಿ ಸ್ವಲ್ಪ ಆಚೀಚೆ ಆದರೂ ಯಾರು ಕೇಳುತ್ತಾರೆ? ಕುರ್ಚಿ ಇಟ್ಟರೆ ಮಾತ್ರ ಬಣ್ಣ ಬಯಲು. ಹೆಚ್ಚಿನವರ ಕುರ್ಚಿಯ ಮೇಲೆ ಬೆಕ್ಕು ಕೂತರೂ ಮಗುಚುತ್ತದೆ.

ಬಿಳಿ ಪ್ಲಾಸ್ಟಿಕ್ ಕುರ್ಚಿ ಸಾಕು. ಬಯಲಾಟಕ್ಕೆ ಬಾಡಿಗೆಗೆ ಬರುತ್ತದಲ್ಲ, ಅದೇ. ಅಜ್ಜನ ಬೆತ್ತದ ಕುರ್ಚಿ ಬೇಡ, ಹೆಣಿಗೆಯಲ್ಲೇ ಹೊತ್ತು ಹೋಗುತ್ತದೆ. ಮಲ್ಪೆಯ ಮರಳೂ ಬೇಡ, ಕಾಲು ಹೂತು ಕಲಿಯಬೇಕಾದ್ದೇ ಕಾಣುವುದಿಲ್ಲ. ಬೆಳಿಗ್ಗೆ 8ಕ್ಕೆ ಅಂಗಳದಲ್ಲಿಡಿ, ಒಂದು ಮೂಲೆ ನಿಮ್ಮ ಕಡೆಗಿರಲಿ.

ಇನ್ನು ಕಾಲು. ಎಲ್ಲರೂ ಎಡವುವುದು ಇಲ್ಲೇ. ನಾಲ್ಕೂ ಕಾಲು ಒಂದೇ ನೆಲದ ಮೇಲಿದೆ ಎಂದು ತಲೆಗೆ ಗೊತ್ತು, ಹಾಗಾಗಿ ಕೈ ನಾಲ್ಕನ್ನೂ ಒಂದೇ ಗೆರೆಯಲ್ಲಿ ನಿಲ್ಲಿಸಿಬಿಡುತ್ತದೆ. ಕಾಣುವುದು ಹಾಗಲ್ಲ. ನಿಮಗೆ ಹತ್ತಿರದ ಕಾಲಿನ ತುದಿ ಕಾಗದದಲ್ಲಿ ಎಲ್ಲಕ್ಕಿಂತ ಕೆಳಗೆ. ಎಡ, ಬಲದ್ದು ಅದಕ್ಕಿಂತ ಮೇಲೆ. ದೂರದ್ದು ಇನ್ನೂ ಮೇಲೆ. ಆದ್ದರಿಂದ ಕುರ್ಚಿಯನ್ನೇ ಬಿಡಿಸಬೇಡಿ, ಮೊದಲು ಈ ನಾಲ್ಕು ಚುಕ್ಕಿ ಇಡಿ. ಮೊಣಕೈ ಮಡಚದೆ ಪೆನ್ಸಿಲ್ ಹಿಡಿದು, ಒಂದು ಕಣ್ಣು ಮುಚ್ಚಿ, ಎರಡೆರಡು ತುದಿಗಳ ನಡುವಿನ ಓರೆ ಅಳೆಯಿರಿ. ಚುಕ್ಕಿ ಸೇರಿಸಿದರೆ ಗಾಳಿಪಟದ ಹಾಗೆ ಒಂದು ಚೌಕ ನೆಲದ ಮೇಲೆ ಮಲಗಬೇಕು. ಮಲಗದಿದ್ದರೆ ಅಳಿಸಿ, ಮುಂದೆ ಹೋಗಬೇಡಿ. ಅದರ ಮೇಲೆ, ಅದೇ ಓರೆಯಲ್ಲಿ, ಆಸನದ ಚೌಕ. ಅದು ನಿಮ್ಮ ಕಣ್ಣಿಗೆ ಹತ್ತಿರದ ಎತ್ತರದಲ್ಲಿರುವುದರಿಂದ ಕೆಳಗಿನದಕ್ಕಿಂತ ಚಪ್ಪಟೆ. ಆಮೇಲೆ ಕಾಲು ಇಳಿಸಿ. ಪ್ಲಾಸ್ಟಿಕ್ ಕುರ್ಚಿಯ ಕಾಲು ಕೆಳಗೆ ಬಂದಂತೆ ಹೊರಗೆ ಚಾಚುತ್ತದೆ, ನೇರ ಕಂಬ ನೆಡಬೇಡಿ.

‘ವ್ಯಾನ್ ಗಾಗ್ 1888ರಲ್ಲಿ ಬಿಡಿಸಿದ ಕುರ್ಚಿಯೂ ಸೊಟ್ಟ ಅಲ್ವಾ ಸರ್?’ ಎಂದು ಒಬ್ಬರಾದರೂ ಕೇಳುತ್ತಾರೆ. ಹೌದು ಮಾರಾಯ್ರೆ, ಆದರೆ ಅದರ ಮೇಲೆ ಧೈರ್ಯವಾಗಿ ಕೂರಬಹುದು.

ಫೋಟೋ ತೆಗೆದು ಟ್ರೇಸ್ ಮಾಡುವ ಉಪಾಯವೂ ಕೆಲಸಕ್ಕೆ ಬಾರದು. ಹತ್ತಿರದಿಂದ ತೆಗೆದರೆ ಮೊಬೈಲ್ ಮುಂದಿನ ಕಾಲನ್ನು ಆನೆಕಾಲು ಮಾಡುತ್ತದೆ.

ಕುರ್ಚಿಯ ಕೈ ಮತ್ತು ಬೆನ್ನು ಬಿಡಿಸಲು ಅವುಗಳ ನಡುವಿನ ಕಂಡಿ ನೋಡಿ. ಕೈಯ ಕೆಳಗೆ ಕಾಣುವ ಗೋಡೆಯ ತುಂಡಿಗೆ ಎಂಥ ಆಕಾರ? ಅದನ್ನೇ ಬಿಡಿಸಿ, ಕೈ ತಾನಾಗಿ ಬರುತ್ತದೆ.

ನೆರಳಿನ ಗೆರೆಯನ್ನು ಈಗಲೇ ಹಾಕಿಕೊಳ್ಳಿ. ಸೂರ್ಯ ಗಂಟೆಗೆ 15 ಡಿಗ್ರಿ ಸರಿಯುತ್ತಾನೆ, ಬಣ್ಣ ಕಲಸುವಷ್ಟರಲ್ಲಿ ನೆರಳು ಬೇರೆ ಕಡೆ ಇರುತ್ತದೆ. ಅದು ಕಾಲಿನ ತುದಿಯಿಂದಲೇ ಹೊರಡಬೇಕು. ಒಂದು ನೂಲು ಬಿಟ್ಟರೂ ಕುರ್ಚಿ ಗಾಳಿಯಲ್ಲಿ ತೇಲುತ್ತದೆ.

ಜಲವರ್ಣದಲ್ಲಿ ಬಿಳಿ ಎಂದರೆ ಕಾಗದ. ಬಿಳಿ ಟ್ಯೂಬ್ ಮನೆಯಲ್ಲೇ ಇರಲಿ, ಕಪ್ಪೂ ಬೇಡ. ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಸಿಯೆನ್ನಾ ಎಂಬ ಕೆಂಗಂದು ಬಣ್ಣ ಬೆರೆಸಿದರೆ ನೆರಳಿಗೆ ಬೇಕಾದ ಬೂದು ಸಿಗುತ್ತದೆ. ಬಗ್ಗಿ ಆಸನದ ಅಡಿ ನೋಡಿ: ನಮ್ಮ ಕೆಂಪು ಮಣ್ಣಿನ ಬಿಸಿಲು ಅಲ್ಲಿಗೆ ಹಾರಿ, ಬಿಳಿ ಪ್ಲಾಸ್ಟಿಕ್ಕು ತೆಳು ಕಿತ್ತಳೆಯಾಗಿರುತ್ತದೆ. ಅದನ್ನು ಬೂದು ಬಳಿದು ಕೊಲ್ಲಬೇಡಿ.

ಕಾಗದ 300 ಜಿಎಸ್‌ಎಂ ಇರಲಿ, ಅಂದರೆ ಚದರ ಮೀಟರಿಗೆ 300 ಗ್ರಾಂ ತೂಗುವ ದಪ್ಪ ಕಾಗದ. ತೆಳು ಡ್ರಾಯಿಂಗ್ ಶೀಟು ನೀರು ಬಿದ್ದರೆ ಹಪ್ಪಳದ ಹಾಗೆ ಡೊಂಕಾಗುತ್ತದೆ. ನಮ್ಮ ಸೆಖೆಯಲ್ಲಿ ಬಣ್ಣ ಬೇಗ ಒಣಗುವುದಿಲ್ಲ. ಬೆರಳ ಹಿಂಬದಿ ತಾಗಿಸಿ ನೋಡಿ, ತಂಪಿದ್ದರೆ ಇನ್ನೂ ಹಸಿ. ಕಾಯುವಾಗ ಆ ಕುರ್ಚಿಯಲ್ಲಿ ಮಾತ್ರ ಕೂರಬೇಡಿ.