ತ್ರಿಕೋನದಿಂದ ವೃತ್ತಕ್ಕೆ: ಪ್ರಥಮ ಪಿಯುಸಿಯ ತ್ರಿಕೋನಮಿತಿ ಕಲಿಯುವುದು ಹೇಗೆ?

ಹಲಗೆಯ ಮೇಲೆ ‘ಸೈನ್ 120°’ ಎಂದು ಬರೆದ ಕ್ಷಣ ತರಗತಿಯಲ್ಲಿ ಒಂದು ಬಗೆಯ ಮೌನ ಆವರಿಸುತ್ತದೆ. ಪ್ರಥಮ ಪಿಯುಸಿಗೆ ಪಾಠ ಮಾಡುವ ನನಗೆ ಆ ಮೌನ ಚೆನ್ನಾಗಿ ಪರಿಚಯ. ಹತ್ತನೆಯ ತರಗತಿಯಲ್ಲಿ ಸೈನ್ ಎಂದರೆ ಲಂಬಕೋನ ತ್ರಿಭುಜದ ಅಭಿಮುಖ ಬಾಹುವನ್ನು ವಿಕರ್ಣದಿಂದ ಭಾಗಿಸಿದ್ದು ಎಂದು ಮಕ್ಕಳು ಕಲಿತು ಬಂದಿರುತ್ತಾರೆ. ಒಂದು ಕೋನ 90° ಆಗಿರುವ ತ್ರಿಭುಜದೊಳಗೆ ಇನ್ನೊಂದು 120° ಹೇಗೆ ಹಿಡಿಯುತ್ತದೆ? ಕೇಳಲು ಸಂಕೋಚಪಡುತ್ತಾರೆ, ಆದರೆ ಪ್ರಶ್ನೆ ನೂರಕ್ಕೆ ನೂರು ನ್ಯಾಯವಾದದ್ದು. ಅದಕ್ಕೆ ಉತ್ತರ ಸಿಗದೆ ಕೈಗೆ ಸೂತ್ರಗಳ ಪಟ್ಟಿ ಬಂದರೆ, ಅಂದಿನಿಂದಲೇ ಬಾಯಿಪಾಠ ಶುರುವಾಗುತ್ತದೆ.

ನಾನು ಕಂಡಂತೆ, ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ ತೆಗೆದವರೂ ಈ ಮೂರನೆಯ ಅಧ್ಯಾಯದಲ್ಲಿ ಎಡವುವುದಕ್ಕೆ ಬುದ್ಧಿಯ ಕೊರತೆ ಕಾರಣವಲ್ಲ. ಪ್ರೌಢಶಾಲೆಯ ತ್ರಿಕೋನಮಿತಿ ತ್ರಿಭುಜದಲ್ಲಿ ವಾಸಿಸುತ್ತದೆ, ಕಾಲೇಜಿನದು ವೃತ್ತದಲ್ಲಿ. ಮನೆ ಬದಲಾಗಿರುವುದನ್ನು ಯಾರೂ ಬಿಡಿಸಿ ಹೇಳಿರುವುದಿಲ್ಲ. ಅದನ್ನು ಕೈಯಾರೆ ಮಾಡಿ ತಿಳಿಯುವ ದಾರಿ ಇಲ್ಲಿದೆ. ದಿನಕ್ಕೆ ಒಂದು ಗಂಟೆ ಕೊಟ್ಟರೆ ಎರಡು ವಾರ ಸಾಕು. ಸೂತ್ರಗಳಲ್ಲಿ ಕೋನಗಳನ್ನು ಕ, ಖ ಎಂದು ಕರೆಯುತ್ತೇನೆ.

ಮೊದಲ ಹೆಜ್ಜೆ: ಹಳೆಯ ಗಂಟಿನಿಂದ ಬೇಕಾದಷ್ಟೇ ತನ್ನಿ

ಹತ್ತನೆಯ ತರಗತಿಯ ಪುಸ್ತಕವನ್ನು ಎರಡು ದಿನ ತೆರೆಯಿರಿ. 0°, 30°, 45°, 60°, 90° ಇವುಗಳ ಬೆಲೆಗಳು, ‘ಸೈನ್ ವರ್ಗ ಮತ್ತು ಕಾಸ್ ವರ್ಗ ಕೂಡಿದರೆ 1’ ಎಂಬ ನಿತ್ಯಸಮೀಕರಣ, ಎರಡು ಬಿಂದುಗಳ ನಡುವಿನ ದೂರದ ಸೂತ್ರ, ಇಷ್ಟು ಹಿಡಿತಕ್ಕೆ ಬರಲಿ. ದೂರದ ಸೂತ್ರ ಇಲ್ಲೇಕೆ ಎಂದು ಅನ್ನಿಸಬಹುದು. ಐದನೆಯ ಹೆಜ್ಜೆಯಲ್ಲಿ ಅದೇ ನಮ್ಮ ಆಧಾರ.

ಉನ್ನತ ಕೋನ, ಅವನತ ಕೋನದ ಲೆಕ್ಕಗಳನ್ನು ಕೀಳಾಗಿ ಕಾಣಬೇಡಿ. 1802ರಲ್ಲಿ ವಿಲಿಯಂ ಲ್ಯಾಂಬ್ಟನ್ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಒಂದು ಆಧಾರರೇಖೆಯನ್ನು ಅಳೆದು, ಅಲ್ಲಿಂದ ತ್ರಿಭುಜದ ಪಕ್ಕಕ್ಕೆ ತ್ರಿಭುಜ ಜೋಡಿಸುತ್ತ ಮೈಸೂರು ಸೀಮೆಯನ್ನು ದಾಟಿ ಮಂಗಳೂರಿನ ಕಡಲತೀರದವರೆಗೆ ಸರ್ವೆ ನಡೆಸಿದ್ದು ಇದೇ ಗಣಿತದಿಂದ. ಆದರೆ ಕಾಲೇಜಿನ ಈ ಅಧ್ಯಾಯಕ್ಕೆ ಆ ಲೆಕ್ಕಗಳು ಬೇಕಾಗುವುದು ಕಡಿಮೆ. ಅಲ್ಲಿಯೇ ವಾರಗಟ್ಟಲೆ ನಿಲ್ಲಬೇಡಿ.

ಎರಡನೆಯ ಹೆಜ್ಜೆ: 10 ಸೆಂಟಿಮೀಟರ್ ತ್ರಿಜ್ಯದ ವೃತ್ತ ಬರೆಯಿರಿ

ಈ ಲೇಖನದಲ್ಲಿ ಒಂದೇ ಒಂದು ಹೆಜ್ಜೆಯನ್ನು ಮಾಡುವುದಾದರೆ ಇದನ್ನು ಮಾಡಿ. ಎರಡು ಗ್ರಾಫ್ ಹಾಳೆಗಳನ್ನು ಪಕ್ಕಪಕ್ಕದಲ್ಲಿ ಅಂಟಿಸಿ. ನಡುವೆ ಅಕ್ಷಗಳನ್ನು ಎಳೆದು, ಅವು ಸೇರುವ ಬಿಂದುವನ್ನು ಕೇಂದ್ರವಾಗಿಟ್ಟುಕೊಂಡು 10 ಸೆಂಟಿಮೀಟರ್ ತ್ರಿಜ್ಯದ ವೃತ್ತ ಬರೆಯಿರಿ. ಕೈವಾರ ಅಷ್ಟು ಅಗಲವಾಗದಿದ್ದರೆ ಗುಂಡುಸೂಜಿಗೆ ದಾರ ಕಟ್ಟಿ ಬರೆಯಿರಿ. ಆ ದಾರವನ್ನು ಎಸೆಯಬೇಡಿ. 10 ಸೆಂಟಿಮೀಟರನ್ನು 1 ಎಂದು ಕರೆಯೋಣ. ಆಗ ಹಾಳೆಯ ಒಂದು ಮಿಲಿಮೀಟರ್ ಎಂದರೆ 0.01.

ಬಲಗಡೆಯ ಅಕ್ಷದಿಂದ ಮೇಲಕ್ಕೆ ಕೋನಮಾಪಕದಲ್ಲಿ 20° ಗುರುತಿಸಿ, ಕೇಂದ್ರದಿಂದ ವೃತ್ತಕ್ಕೆ ಗೆರೆ ಎಳೆಯಿರಿ. ಗೆರೆ ವೃತ್ತವನ್ನು ಮುಟ್ಟಿದ ಬಿಂದು ಅಡ್ಡ ಅಕ್ಷದಿಂದ ಎಷ್ಟು ಎತ್ತರದಲ್ಲಿದೆ? ಸುಮಾರು 3.4 ಸೆಂಟಿಮೀಟರ್. ಹಾಗಾದರೆ ಸೈನ್ 20° ಸುಮಾರು 0.34. ಲಂಬ ಅಕ್ಷದಿಂದ ಎಷ್ಟು ದೂರ? 9.4 ಸೆಂಟಿಮೀಟರ್. ಕಾಸ್ 20° ಸುಮಾರು 0.94. ಎತ್ತರ ಸೈನ್, ಅಡ್ಡ ದೂರ ಕಾಸ್. ಕಾಲೇಜಿನ ವ್ಯಾಖ್ಯಾನ ಇಷ್ಟೇ.

ಈಗ 160°ಗೆ ಗೆರೆ ಎಳೆಯಿರಿ. ಎತ್ತರ ಅದೇ 3.4, ಆದರೆ ಬಿಂದು ಎಡಗಡೆಗೆ ಹೋಗಿದೆ, ಆದ್ದರಿಂದ ಕಾಸ್ ಋಣವಾಯಿತು. 200°ಯಲ್ಲಿ ಬಿಂದು ಅಕ್ಷದ ಕೆಳಗಿಳಿಯಿತು, ಸೈನೂ ಋಣ. 340°ಯಲ್ಲಿ ಕಾಸ್ ಮತ್ತೆ ಧನ, ಸೈನ್ ಮಾತ್ರ ಋಣ. ವೃತ್ತದ ಯಾವ ಕಾಲುಭಾಗದಲ್ಲಿ ಯಾವುದು ಧನ, ಯಾವುದು ಋಣ ಎಂಬುದಕ್ಕೆ ತರಗತಿಗಳಲ್ಲಿ ನೆನಪಿನ ಸೂತ್ರವಾಕ್ಯಗಳನ್ನು ಕಲಿಸುತ್ತಾರೆ. ನನಗೆ ಅವು ಇಷ್ಟವಿಲ್ಲ. ಬಿಂದು ಮೇಲಿದೆಯೋ ಕೆಳಗಿದೆಯೋ, ಬಲಕ್ಕಿದೆಯೋ ಎಡಕ್ಕಿದೆಯೋ ಎಂದು ಕಣ್ಣು ಹೇಳುತ್ತಿರುವಾಗ ಬೇರೆ ವಾಕ್ಯವೇಕೆ? 120° ಎಲ್ಲಿಂದ ಬಂತು ಎಂಬ ಮೊದಲ ಪ್ರಶ್ನೆಗೂ ಇಲ್ಲಿಯೇ ಉತ್ತರ ಸಿಕ್ಕಿತು. ಅದು ತ್ರಿಭುಜದೊಳಗಿನ ಮೂಲೆಯಲ್ಲ, ವೃತ್ತದ ಮೇಲೆ ಬಿಂದು ಸುತ್ತಿದ ದೂರ. ಬಿಂದು ಒಂದು ಸುತ್ತು ಮುಗಿಸಿಯೂ ನಿಲ್ಲಬೇಕಿಲ್ಲ. 400°ಗೂ ಸೈನ್ ಇದೆ, ಹಿಮ್ಮುಖವಾಗಿ ಸುತ್ತಿದರೆ −50°ಗೂ ಇದೆ.

15°ಗೊಂದರಂತೆ ಇಡೀ ವೃತ್ತಕ್ಕೆ ಎತ್ತರ ಮತ್ತು ಅಡ್ಡ ದೂರಗಳನ್ನು ಅಳೆದು ಕೋಷ್ಟಕ ಮಾಡಿ. ಒಂದು ಸಂಜೆಯ ಕೆಲಸ. ಈ ಕೋಷ್ಟಕ ಮುಂದೆ ನಿಮ್ಮ ಪ್ರತಿ ಉತ್ತರವನ್ನೂ ಒರೆಗೆ ಹಚ್ಚುವ ಕಲ್ಲಾಗುತ್ತದೆ.

ಮೂರನೆಯ ಹೆಜ್ಜೆ: ದಾರದಿಂದ ರೇಡಿಯನ್

ತೆಗೆದಿಟ್ಟ ದಾರದಿಂದ ಸರಿಯಾಗಿ 10 ಸೆಂಟಿಮೀಟರ್ ಕತ್ತರಿಸಿ, ಬಲಗಡೆಯ ಅಕ್ಷದಿಂದ ಆರಂಭಿಸಿ ವೃತ್ತದ ಅಂಚಿನ ಮೇಲೆ ಬಳಸಿ ಇಡಿ. ದಾರ ಮುಗಿದ ಜಾಗದ ಕೋನ ಅಳೆಯಿರಿ. 57°ಗಿಂತ ತುಸು ಹೆಚ್ಚು ಬರುತ್ತದೆ. ಅದೇ ಒಂದು ರೇಡಿಯನ್: ತ್ರಿಜ್ಯದಷ್ಟು ಉದ್ದದ ಅಂಚನ್ನು ಸುತ್ತಿದಾಗ ಆಗುವ ಕೋನ. ಅರ್ಧ ವೃತ್ತ ಮುಟ್ಟಲು ಅಂಥ ಮೂರು ದಾರ ಸಾಲದು, ಇನ್ನೊಂದು ಚೂರು ಬೇಕು. ಮೂರು ಮತ್ತು ಆ ಚೂರು ಸೇರಿದ್ದೇ ಪೈ. ಆದ್ದರಿಂದಲೇ 180° ಎಂದರೆ ಪೈ ರೇಡಿಯನ್. ‘ಪೈ ಎಂದರೆ 180’ ಎಂದು ಬರೆಯುವ ಅಭ್ಯಾಸವನ್ನು ಮಾತ್ರ ಇಂದೇ ಬಿಡಿ. ಪೈ ಒಂದು ಸಂಖ್ಯೆ, ಅದರ ಬೆಲೆ ಸುಮಾರು 3.1416.

ಪಠ್ಯಪುಸ್ತಕದಲ್ಲಿ ಒಂದು ರೇಡಿಯನ್ ಎಂದರೆ ಸುಮಾರು 57° 16′ ಎಂದಿದೆ (′ ಎಂದರೆ ಮಿನಿಟು, ಒಂದು ಡಿಗ್ರಿಗೆ 60 ಮಿನಿಟು). ಪೈಗೆ 22/7 ಹಾಕಿದರೆ ಅದೇ ಬರುತ್ತದೆ. ನಿಜವಾದ ಬೆಲೆ 57° 18′ಕ್ಕೆ ಹತ್ತಿರ. 57° 18′ವನ್ನು ಪೂರಾ ಮಿನಿಟುಗಳಿಗೆ ಇಳಿಸಿದರೆ 3438 ಆಗುತ್ತದೆ. ಈ 3438 ಎಂಬ ಅಂಕೆಯನ್ನು ನೋಡಿದಾಗಲೆಲ್ಲ ನನಗೆ ರೋಮಾಂಚನವಾಗುತ್ತದೆ. ಕ್ರಿ.ಶ. 476ರಲ್ಲಿ ಹುಟ್ಟಿದ ಆರ್ಯಭಟ ತನ್ನ ‘ಆರ್ಯಭಟೀಯ’ದಲ್ಲಿ ಕಾಲು ವೃತ್ತವನ್ನು 24 ಭಾಗ ಮಾಡಿ, ಒಂದೊಂದು ಭಾಗಕ್ಕೂ ಅರ್ಧಜ್ಯಾದ ಹೆಚ್ಚಳವನ್ನು ಕೊಟ್ಟಿದ್ದಾನೆ: 225, 224, 222, 219 ಹೀಗೆ ಸಾಗುತ್ತದೆ. ಎಲ್ಲವನ್ನೂ ಕೂಡಿದರೆ ಬರುವುದು 3438, ಅಂದರೆ ಅವನು ಹಿಡಿದ ವೃತ್ತದ ತ್ರಿಜ್ಯ. ತ್ರಿಜ್ಯವನ್ನೂ ಅಂಚನ್ನೂ ಒಂದೇ ಮಾನದಿಂದ ಅಳೆಯುವುದೇ ರೇಡಿಯನ್ನಿನ ತಿರುಳು. ಹದಿನೈದು ಶತಮಾನಗಳ ಹಿಂದಿನ ಆ ಕೋಷ್ಟಕದಲ್ಲಿ ಅದು ಇದೆ.

ಜ್ಯಾ ಎಂದರೆ ಬಿಲ್ಲಿನ ಹೆದೆ. ವೃತ್ತದ ಅಂಚು ಬಿಲ್ಲು, ಅದರ ಎರಡು ತುದಿಗಳನ್ನು ಜೋಡಿಸುವ ಗೆರೆ ಹೆದೆ, ಅದರ ಅರ್ಧವೇ ನೀವು ಹಾಳೆಯ ಮೇಲೆ ಅಳೆದ ಎತ್ತರ. ಜ್ಯಾಕ್ಕೆ ಜೀವಾ ಎಂಬ ಹೆಸರೂ ಇತ್ತು. ಅದು ಅರಬ್ಬಿಗೆ ಹೋಗಿ ‘ಜೈಬ್’ ಎಂದು ಓದಿಸಿಕೊಂಡಿತು. ಜೈಬ್ ಎಂದರೆ ಉಡುಪಿನ ಮಡಿಕೆ. ಹನ್ನೆರಡನೆಯ ಶತಮಾನದಲ್ಲಿ ಲ್ಯಾಟಿನ್ನಿಗೆ ಅನುವಾದಿಸಿದವರು ಅದೇ ಅರ್ಥದ ‘ಸೈನಸ್’ ಎಂಬ ಪದ ಹಾಕಿದರು. ಸೈನ್ ನಮ್ಮಲ್ಲಿ ಹುಟ್ಟಿದ್ದೇ ವೃತ್ತದಲ್ಲಿ. ಕಾಲೇಜಿನ ವ್ಯಾಖ್ಯಾನ ಹೊಸತಲ್ಲ, ಅದು ತವರಿಗೆ ಮರಳಿದ್ದು.

ನಾಲ್ಕನೆಯ ಹೆಜ್ಜೆ: ಎತ್ತರಗಳನ್ನು ಸಾಲಾಗಿ ನಿಲ್ಲಿಸಿ

ಇನ್ನೊಂದು ಗ್ರಾಫ್ ಹಾಳೆಯಲ್ಲಿ ಅಡ್ಡ ಅಕ್ಷದ ಮೇಲೆ 0°ಯಿಂದ 360°ವರೆಗೆ ಗುರುತು ಹಾಕಿ, ಕೋಷ್ಟಕದ ಎತ್ತರಗಳನ್ನು ಅರ್ಧ ಅಳತೆಗೆ ಇಳಿಸಿ ನಿಲ್ಲಿಸಿ. ತುದಿಗಳನ್ನು ಜೋಡಿಸಿದರೆ ಸೈನ್ ಅಲೆ. ಕಾಸ್‌ಗೂ ಹಾಗೆಯೇ ಮಾಡಿದರೆ ಅದೇ ಅಲೆ 90° ಎಡಕ್ಕೆ ಸರಿದು ನಿಂತಂತೆ ಕಾಣುತ್ತದೆ. ಟ್ಯಾನ್ ಬೇರೆ ಜಾತಿಯದು, 90°ಯಲ್ಲಿ ಅದಕ್ಕೆ ಬೆಲೆಯೇ ಇಲ್ಲ. ಅಲ್ಲಿ ಕಾಸ್ ಸೊನ್ನೆ, ಸೊನ್ನೆಯಿಂದ ಭಾಗಿಸುವಂತಿಲ್ಲ.

ಮನೆಯಲ್ಲಿ ಪಂಚಾಂಗವೋ ಸೂರ್ಯೋದಯದ ವೇಳೆ ಕೊಡುವ ಕ್ಯಾಲೆಂಡರೋ ಇದ್ದರೆ ಇನ್ನೂ ಒಂದು ಕೆಲಸ ಮಾಡಿ. ವಾರಕ್ಕೊಂದು ದಿನದ ಸೂರ್ಯೋದಯ, ಸೂರ್ಯಾಸ್ತ ತೆಗೆದುಕೊಂಡು ಹಗಲಿನ ಉದ್ದವನ್ನು ವರ್ಷಪೂರ್ತಿ ಗುರುತಿಸಿ. ಬೆಂಗಳೂರಿನಲ್ಲಿ ಹಗಲು ಜೂನ್ ಕೊನೆಯ ವಾರದ ಹೊತ್ತಿಗೆ 12 ಗಂಟೆಗಿಂತ ಸುಮಾರು ಮುಕ್ಕಾಲು ಗಂಟೆಯಷ್ಟು ಹೆಚ್ಚುತ್ತದೆ, ಡಿಸೆಂಬರ್ ಕೊನೆಗೆ ಹೆಚ್ಚುಕಡಿಮೆ ಅಷ್ಟೇ ಕುಗ್ಗುತ್ತದೆ. ಹಾಳೆಯ ಮೇಲೆ ಮೂಡುವುದು ಸೈನ್ ಅಲೆಯ ಆಕಾರವೇ.

ಐದನೆಯ ಹೆಜ್ಜೆ: ಒಂದು ಸೂತ್ರವನ್ನು ಗೆದ್ದರೆ ಇಪ್ಪತ್ತು ಬರುತ್ತವೆ

ಈ ಅಧ್ಯಾಯದಲ್ಲಿ ಎರಡು ಡಜನ್ನಿಗೂ ಹೆಚ್ಚು ಸೂತ್ರಗಳಿವೆ. ಗೋಡೆಗೆ ಅಂಟಿಸಿ ದಿನಾ ಓದುವವರನ್ನು ನೋಡಿದ್ದೇನೆ. ಒಂದು ಚಿಹ್ನೆ ತಪ್ಪಿದರೆ ಅವರಿಗೆ ಸರಿಪಡಿಸಿಕೊಳ್ಳುವ ದಾರಿಯೇ ಇರುವುದಿಲ್ಲ. ಅದರ ಬದಲು ಇದೊಂದನ್ನು ಸಾಧಿಸಲು ಕಲಿಯಿರಿ:

ಕಾಸ್(ಕ − ಖ) = ಕಾಸ್ ಕ · ಕಾಸ್ ಖ + ಸೈನ್ ಕ · ಸೈನ್ ಖ

ವೃತ್ತದ ಮೇಲೆ ಕ ಕೋನಕ್ಕೆ ಒಂದು ಬಿಂದು, ಖ ಕೋನಕ್ಕೆ ಇನ್ನೊಂದು. ಅವುಗಳ ನಡುವಿನ ದೂರದ ವರ್ಗವನ್ನು ದೂರದ ಸೂತ್ರದಿಂದ ಬರೆಯಿರಿ. ಬಿಡಿಸಿದರೆ 2 − 2(ಕಾಸ್ ಕ · ಕಾಸ್ ಖ + ಸೈನ್ ಕ · ಸೈನ್ ಖ) ಎಂದು ಬರುತ್ತದೆ. ಈಗ ಎರಡನೆಯ ಬಿಂದು ಬಲ ಅಕ್ಷಕ್ಕೆ ಬರುವಂತೆ ಇಡೀ ವೃತ್ತವನ್ನು ತಿರುಗಿಸಿ. ಮೊದಲ ಬಿಂದು ಕ − ಖ ಕೋನಕ್ಕೆ ಬಂದು ನಿಲ್ಲುತ್ತದೆ. ಈಗಿನ ದೂರದ ವರ್ಗ 2 − 2 ಕಾಸ್(ಕ − ಖ). ಚಕ್ರ ತಿರುಗಿಸಿದರೆ ಅದರ ಮೇಲಿನ ಎರಡು ಮೊಳೆಗಳ ನಡುವಿನ ದೂರ ಬದಲಾಗುವುದಿಲ್ಲವಲ್ಲ. ಎರಡನ್ನೂ ಸಮೀಕರಿಸಿ, ಸೂತ್ರ ಕೈಗೆ ಬಂತು.

ಮುಂದಿನದೆಲ್ಲ ಇದರ ಸಂತಾನ. ಖ ಬದಲು −ಖ ಹಾಕಿದರೆ ಕೂಡುವ ಸೂತ್ರ. ಕ ಬದಲು 90° − ಕ ಹಾಕಿದರೆ ಸೈನಿನದು. ಎರಡು ಕೋನಗಳೂ ಒಂದೇ ಆದರೆ 2ಕ, ಅದಕ್ಕೆ ಇನ್ನೊಂದು ಕ ಕೂಡಿಸಿದರೆ 3ಕ. ಮೊತ್ತವನ್ನು ಗುಣಲಬ್ಧವಾಗಿಸುವ ಸೂತ್ರಗಳು ಈ ಸೂತ್ರಗಳನ್ನೇ ಕೂಡಿ ಕಳೆದಾಗ ಬರುತ್ತವೆ. ಒಂದು ಖಾಲಿ ಹಾಳೆಯಲ್ಲಿ, ಪುಸ್ತಕ ಮುಚ್ಚಿ, ಈ ವಂಶವೃಕ್ಷವನ್ನು ವಾರಕ್ಕೆ ಮೂರು ಸಲ ಬರೆಯಿರಿ. ಮೊದಲ ಸಲ ಮುಕ್ಕಾಲು ಗಂಟೆ ಹಿಡಿದೀತು. ನಾಲ್ಕನೆಯ ಸಲಕ್ಕೆ ಹದಿನೈದು ನಿಮಿಷ ಸಾಕಾಗುತ್ತದೆ. ಪರೀಕ್ಷೆಯಲ್ಲಿ ಸೂತ್ರ ಮರೆತರೂ ಅದನ್ನು ಮತ್ತೆ ಹುಟ್ಟಿಸುವ ಶಕ್ತಿ ಆಗ ನಿಮ್ಮಲ್ಲಿರುತ್ತದೆ.

ಕಾಸ್ 15° ಕಂಡುಹಿಡಿಯಿರಿ. 45°ಯಿಂದ 30° ಕಳೆದರೆ 15°. ಬೆಲೆಗಳನ್ನು ಹಾಕಿದರೆ (√3 + 1)/(2√2), ಅಂದರೆ ಸುಮಾರು 0.966. ಎರಡನೆಯ ಹೆಜ್ಜೆಯ ಕೋಷ್ಟಕದಲ್ಲಿ 15°ಯ ಅಡ್ಡ ದೂರ ನೋಡಿ: 9.7 ಸೆಂಟಿಮೀಟರ್ ಇರಬೇಕು.

ಆರನೆಯ ಹೆಜ್ಜೆ: ಸಾಧಿಸುವ ಲೆಕ್ಕಗಳು

‘ಎಡಭಾಗ ಬಲಭಾಗಕ್ಕೆ ಸಮ ಎಂದು ಸಾಧಿಸಿ’ ಎಂಬ ಲೆಕ್ಕಗಳಲ್ಲಿ ಹೆಚ್ಚು ತೊಡಕಾಗಿ ಕಾಣುವ ಕಡೆಯಿಂದ ಹೊರಡಿ, ಒಂದೇ ದಿಕ್ಕಿನಲ್ಲಿ ನಡೆಯಿರಿ. ಎರಡೂ ಕಡೆ ಸಮ ಎಂದು ಮೊದಲೇ ಒಪ್ಪಿಕೊಂಡು ಅಡ್ಡ ಗುಣಾಕಾರ ಮಾಡಿದರೆ ಸಾಧಿಸಬೇಕಾದದ್ದನ್ನೇ ಸಾಕ್ಷಿ ಕರೆದಂತಾಗುತ್ತದೆ. (1 − ಕಾಸ್ 2ಕ) / ಸೈನ್ 2ಕ = ಟ್ಯಾನ್ ಕ ಎಂಬುದನ್ನು ನೋಡಿ. ಮೇಲಿನದು 2 ಸೈನ್² ಕ, ಕೆಳಗಿನದು 2 ಸೈನ್ ಕ · ಕಾಸ್ ಕ. ಭಾಗಿಸಿದರೆ ಮುಗಿಯಿತು. ದಾರಿ ಕಾಣದಿದ್ದರೆ ಎಲ್ಲವನ್ನೂ ಸೈನ್, ಕಾಸ್‌ಗೆ ಇಳಿಸಿ.

ಸೈನ್ ಎಂಬುದು ಗುಣಿಸುವ ಅಕ್ಷರವಲ್ಲ, ಅದು ಕೋನವನ್ನು ತೆಗೆದುಕೊಂಡು ಎತ್ತರವನ್ನು ಕೊಡುವ ಯಂತ್ರ. ಇದು ಮನಸ್ಸಿನಲ್ಲಿ ನಿಂತರೆ ಅರ್ಧ ತಪ್ಪುಗಳು ತಾವಾಗಿ ಬೀಳುತ್ತವೆ. ಸೈನ್(ಕ + ಖ)ವನ್ನು ಸೈನ್ ಕ + ಸೈನ್ ಖ ಎಂದು ಬರೆದವರಿಗೆ ನಾನು 30° ಮತ್ತು 60° ಹಾಕಿ ನೋಡಲು ಹೇಳುತ್ತೇನೆ. 0.5 ಮತ್ತು 0.866 ಕೂಡಿದರೆ 1.366. ವೃತ್ತದ ಎತ್ತರವೇ 1 ಇರುವಾಗ ಬಿಂದು ಅದಕ್ಕಿಂತ ಮೇಲೆ ಹೋಗುವುದು ಹೇಗೆ? ಮೊಬೈಲಿನ ಕ್ಯಾಲ್ಕುಲೇಟರ್‌ನಲ್ಲಿ ಉತ್ತರ ನೋಡುವವರು ಅದು ಡಿಗ್ರಿಯಲ್ಲಿದೆಯೋ ರೇಡಿಯನ್ನಿನಲ್ಲಿದೆಯೋ ಗಮನಿಸಿ. ರೇಡಿಯನ್ನಿನಲ್ಲಿದ್ದರೆ ಸೈನ್ 30ಕ್ಕೆ 0.5 ಬದಲು −0.988 ತೋರಿಸುತ್ತದೆ.

ಕನ್ನಡ ಮಾಧ್ಯಮದಿಂದ ಬಂದವರಿಗೆ

ಗಣಿತ ಗೊತ್ತಿದ್ದೂ ಪದ ಗೊತ್ತಾಗದೆ ಹಿಂದಿನ ಬೆಂಚಿನಲ್ಲಿ ಕುಗ್ಗಿ ಕೂರುವ ಮಕ್ಕಳ ಮುಖ ನನ್ನನ್ನು ಬಿಡದೆ ಕಾಡುತ್ತದೆ. ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಎರಡು ಕಾಲಂ ಮಾಡಿ. ವಿಕರ್ಣದ ಎದುರು ಹೈಪೋಟೆನ್ಯೂಸ್, ನಿತ್ಯಸಮೀಕರಣದ ಎದುರು ಐಡೆಂಟಿಟಿ, ವೃತ್ತದ ಕಾಲುಭಾಗದ ಎದುರು ಕ್ವಾಡ್ರಂಟ್, ಕಂಸದ ಎದುರು ಆರ್ಕ್, ಹೀಗೆ ಪದ ಬಂದಂತೆ ಸೇರಿಸಿ. ಈ ಅಧ್ಯಾಯಕ್ಕೆ ಬೇಕಾಗುವ ಹೊಸ ಪದಗಳು ಮೂವತ್ತನ್ನೂ ದಾಟಲಾರವು. ತರಗತಿಯಲ್ಲಿ ಕನ್ನಡದಲ್ಲಿಯೇ ಸಂದೇಹ ಕೇಳಿ. ಉಪನ್ಯಾಸಕರಾದ ನಾವು ಕನ್ನಡದಲ್ಲಿ ಉತ್ತರ ಕೊಡಬೇಕು.

ಅಧ್ಯಾಯ ಮುಗಿದ ಮೇಲೂ ವೃತ್ತದ ಹಾಳೆಯನ್ನು ಜೋಪಾನ ಮಾಡಿ. ವರ್ಷದ ಕೊನೆಯಲ್ಲಿ ಲಿಮಿಟ್ ಪಾಠ ಬಂದಾಗ ಅದರ ಮೇಲೆ 1 ಸೆಂಟಿಮೀಟರ್ ಉದ್ದದ ಅಂಚನ್ನು, ಅಂದರೆ 0.1 ರೇಡಿಯನ್ನನ್ನು ಗುರುತಿಸಿ ಎತ್ತರ ಅಳೆಯಿರಿ. 9.98 ಮಿಲಿಮೀಟರ್ ಇರುವ ಆ ಎತ್ತರಕ್ಕೂ ಅಂಚಿನ ಉದ್ದಕ್ಕೂ ನಿಮ್ಮ ಸ್ಕೇಲಿನಲ್ಲಿ ವ್ಯತ್ಯಾಸ ಸಿಗುವುದಿಲ್ಲ. ದ್ವಿತೀಯ ಪಿಯುಸಿಯಲ್ಲಿ ಇನ್ವರ್ಸ್ ಫಂಕ್ಷನ್ ಬಂದಾಗ ಅದೇ ಹಾಳೆಯ ಮೇಲೆ 5 ಸೆಂಟಿಮೀಟರ್ ಎತ್ತರದಲ್ಲಿ ಅಡ್ಡ ಗೆರೆ ಎಳೆಯಿರಿ. ಅದು ವೃತ್ತವನ್ನು ಎರಡು ಕಡೆ ಮುಟ್ಟುತ್ತದೆ: 30°ಯಲ್ಲಿ, 150°ಯಲ್ಲಿ. ಎತ್ತರ ಕೊಟ್ಟು ಕೋನ ಕೇಳಿದಾಗ ಯಾವುದನ್ನು ಹೇಳುವುದು ಎಂಬ ಗೊಂದಲ ಅಲ್ಲಿ ಹುಟ್ಟುತ್ತದೆ. ಆ ಪಾಠ ಶುರುವಾಗುವುದು ಅಲ್ಲಿಂದಲೇ.