ಆಯಿಲ್ ಫರ್ನೇಸ್ ಬದಲಿಸ್ತೀರಾ? ಮೊದಲು ಎಣ್ಣೆ ರಸೀದಿ ಹುಡುಕಿ

ನ್ಯೂ ಇಂಗ್ಲೆಂಡ್ ಕಡೆ ಹಳೇ ಮನೆ ಕೊಂಡ ಕನ್ನಡಿಗರು ಬೇಸ್‌ಮೆಂಟ್‌ಗೆ ಇಳಿದರೆ ಎಷ್ಟೋ ಸಲ ಮೂಲೆಯಲ್ಲಿ 275 ಗ್ಯಾಲನ್ನಿನ ಸ್ಟೀಲ್ ಟ್ಯಾಂಕ್ ಕೂತಿರುತ್ತದೆ, ಸ್ವಲ್ಪ ದೂರದಲ್ಲಿ ಗುರುಗುಟ್ಟುವ ಫರ್ನೇಸ್, ಅಂದರೆ ಆ ಟ್ಯಾಂಕಿನ ಡೀಸೆಲ್‌ನಂಥ ಎಣ್ಣೆ ಉರಿಸಿ ಮನೆ ಬೆಚ್ಚಗಿಡುವ ಯಂತ್ರ. ಅಮೆರಿಕದ ಬೇರೆ ಕಡೆ ಮನೆ ಬೆಚ್ಚಗಿಡುವುದು ಹೆಚ್ಚಾಗಿ ಗ್ಯಾಸ್ ಇಲ್ಲವೇ ಕರೆಂಟು. ಈ ಈಶಾನ್ಯ ಮೂಲೆಯಲ್ಲಿ ಮಾತ್ರ ಎಣ್ಣೆ ಇನ್ನೂ ಗಟ್ಟಿಯಾಗಿ ಉಳಿದಿದೆ. ಮೇನ್ ರಾಜ್ಯದಲ್ಲಂತೂ ಅರ್ಧಕ್ಕರ್ಧ ಮನೆಗಳು ಇದನ್ನೇ ನಂಬಿವೆ. ಫರ್ನೇಸ್ ಬದಲಿಸುವ ಕಾಲ ಬಂದಾಗ ಕೆಲಸದವರು ಬಂದು, ಹಳೇದರ ಮೇಲಿರುವ ಚೀಟಿ ಓದಿ, ಅದೇ ಸೈಜಿನ, ಅಂದರೆ ಗಂಟೆಗೆ ಅಷ್ಟೇ ಶಾಖ ಕೊಡುವ ಹೊಸದಕ್ಕೆ ರೇಟು ಬರೆದು ಕೊಟ್ಟು ಹೋಗುತ್ತಾರೆ. ಹೆಚ್ಚಿನ ಮನೆಗಳಲ್ಲಿ ತಪ್ಪು ಆಗುವುದು ಅಲ್ಲೇ.

ಮೊದಲು ನಿಮ್ಮಲ್ಲಿರುವುದು ಫರ್ನೇಸೋ ಬಾಯ್ಲರೋ ನೋಡಿಕೊಳ್ಳಿ. ಗಾಳಿಯನ್ನು ಬಿಸಿ ಮಾಡಿ ಡಕ್ಟ್ ಅನ್ನುವ ಗಾಳಿ ಕೊಳವೆಯಲ್ಲಿ ಕಳಿಸಿದರೆ ಫರ್ನೇಸ್, ನೀರು ಬಿಸಿ ಮಾಡಿ ರೇಡಿಯೇಟರ್‌ಗೆ ಕಳಿಸಿದರೆ ಬಾಯ್ಲರ್. ಇಲ್ಲಿ ಹೇಳುತ್ತಿರುವುದು ಫರ್ನೇಸ್ ಬಗ್ಗೆ.

ಎರಡನೇದು, ನಿಜಕ್ಕೂ ಬದಲಿಸಬೇಕಾ? ಒಳಗಿನ ಹೀಟ್ ಎಕ್ಸ್‌ಚೇಂಜರ್ (ಉರಿಯ ಬಿಸಿಯನ್ನು ಗಾಳಿಗೆ ದಾಟಿಸುವ ಲೋಹದ ಗೂಡು) ಬಿರುಕು ಬಿಟ್ಟಿದ್ದರೆ ಚರ್ಚೆಯೇ ಬೇಡ, ಕಾರ್ಬನ್ ಮೊನಾಕ್ಸೈಡ್ ಅನ್ನುವ ವಿಷಾನಿಲ ಮನೆಯೊಳಗೆ ಬರಬಹುದು, ಫರ್ನೇಸನ್ನು ಆಫ್ ಮಾಡಿ ಹೊಸದು ಹಾಕಿಸಬೇಕು. ಬಿರುಕು ಇದೆ ಅಂತ ಹೇಳಿದವರ ಹತ್ತಿರ ಅದನ್ನು ಕಣ್ಣಾರೆ ತೋರಿಸಿ ಅಂತ ಕೇಳಿ, ಇಲ್ಲವೇ ಫೋಟೊ ತೆಗೆಸಿ. ಬಿರುಕು ಇಲ್ಲ, ಬರೀ ಬರ್ನರ್, ಅಂದರೆ ಎಣ್ಣೆ ಚಿಮ್ಮಿಸಿ ಉರಿಸುವ ಭಾಗ ಹಾಳಾಗಿದೆ ಅಂದರೆ ಬರ್ನರ್ ಒಂದನ್ನೇ ಬದಲಿಸಬಹುದು. ಬೆಕೆಟ್, ರಿಯೆಲ್ಲೊ, ಕಾರ್ಲಿನ್ ಅಂತ ಕಂಪನಿಗಳು ಬರ್ನರನ್ನೇ ಬೇರೆಯಾಗಿ ಮಾರುತ್ತವೆ. ಇದನ್ನು ತಾವಾಗಿಯೇ ಹೇಳುವವರು ಕಮ್ಮಿ.

ಸೈಜ್ ಲೆಕ್ಕ

ಈಗ ಮುಖ್ಯ ವಿಷಯಕ್ಕೆ ಬರೋಣ. ಎಣ್ಣೆ ಅಗ್ಗವಾಗಿದ್ದ ಕಾಲದಲ್ಲಿ ಸೈಜನ್ನು ಅಂದಾಜಿನ ಮೇಲೆ, ಜಾಸ್ತಿನೇ ಇರಲಿ ಅಂತ ಹಾಕುತ್ತಿದ್ದರು. ಆಮೇಲೆ ಮನೆಗೆ ಹೊಸ ಕಿಟಕಿ ಬಂತು, ಅಟ್ಟಕ್ಕೆ ಇನ್ಸುಲೇಷನ್ ಬಂತು, ಆದರೆ ಚೀಟಿಯಲ್ಲಿರುವ ಸಂಖ್ಯೆ ಹಾಗೇ ಇದೆ. ಅಗತ್ಯಕ್ಕಿಂತ ದೊಡ್ಡ ಫರ್ನೇಸ್ ನಮ್ಮ ಸಿಟಿ ಬಸ್ ಥರ: ಹೊರಡುವುದು, ನಿಲ್ಲುವುದು, ಮತ್ತೆ ಹೊರಡುವುದು, ಅದಕ್ಕೇ ಎಣ್ಣೆ ಜಾಸ್ತಿ ಕುಡಿಯುತ್ತದೆ. ಹೊತ್ತಿಕೊಳ್ಳುವಾಗ ಮಸಿಯೂ ಜಾಸ್ತಿ. ಥರ್ಮೋಸ್ಟಾಟ್ ಇರುವ ಕೋಣೆ ಬೇಗ ಬಿಸಿಯಾಗಿ ಎಲ್ಲ ಆಫ್ ಆಗುತ್ತದೆ, ದೂರದ ಮಲಗುವ ಕೋಣೆ ಮಾತ್ರ ತಣ್ಣಗೇ ಇರುತ್ತದೆ.

ಹಾಗಾದರೆ ಸರಿಯಾದ ಸೈಜ್ ಯಾವುದು? ಉತ್ತರ ನಿಮ್ಮ ಎಣ್ಣೆ ರಸೀದಿಯಲ್ಲೇ ಇದೆ. ಎಣ್ಣೆ ಹಾಕುವವರು 'ಕೆ ಫ್ಯಾಕ್ಟರ್' ಅಂತ ಒಂದು ಸಂಖ್ಯೆ ಇಟ್ಟುಕೊಂಡಿರುತ್ತಾರೆ, ಒಂದು ಗ್ಯಾಲನ್ ಎಣ್ಣೆಗೆ ನಿಮ್ಮ ಮನೆ ಎಷ್ಟು 'ಡಿಗ್ರಿ ಡೇ' ತಳ್ಳುತ್ತದೆ ಅನ್ನುವುದಕ್ಕೆ. ಒಂದು ದಿನದ ಸರಾಸರಿ ತಾಪಮಾನ 65 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಎಷ್ಟು ಕೆಳಗಿದೆಯೋ ಅಷ್ಟು ಡಿಗ್ರಿ ಡೇ, ಅಷ್ಟೇ. ರಸೀದಿಯಲ್ಲಿ ಈ ಸಂಖ್ಯೆ ಇಲ್ಲದಿದ್ದರೆ ಫೋನ್ ಮಾಡಿ ಕೇಳಿ. ಅವರೂ ಹೇಳಲಿಲ್ಲ ಅಂದರೆ, ಟ್ಯಾಂಕ್ ಪೂರ್ತಿ ತುಂಬಿಸಿದ ಎರಡು ರಸೀದಿ ತೆಗೆದುಕೊಳ್ಳಿ, ಆ ಎರಡು ದಿನಗಳ ನಡುವಿನ ಡಿಗ್ರಿ ಡೇಗಳನ್ನು ಹವಾಮಾನ ಇಲಾಖೆಯ ಲೆಕ್ಕದಿಂದ ಕೂಡಿಸಿ, ಎರಡನೇ ಸಲ ತುಂಬಿಸಿದ ಗ್ಯಾಲನ್‌ಗಳಿಂದ ಭಾಗಿಸಿ. ಜನವರಿ, ಫೆಬ್ರವರಿಯ ರಸೀದಿ ಆದರೆ ಒಳ್ಳೇದು.

ಒಂದು ಉದಾಹರಣೆ. ಕೆ ಫ್ಯಾಕ್ಟರ್ 5 ಅಂತ ಇಟ್ಟುಕೊಳ್ಳಿ. ಬಾಸ್ಟನ್ ಕಡೆ ಕಡು ಚಳಿಯ ದಿನ ಅಂದರೆ ಸುಮಾರು 10 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸೊನ್ನೆಗಿಂತ 12 ಡಿಗ್ರಿ ಸೆಲ್ಸಿಯಸ್ ಕೆಳಗೆ. 65ರಲ್ಲಿ 10 ಕಳೆದರೆ 55, ಅದನ್ನು 5ರಿಂದ ಭಾಗಿಸಿದರೆ ದಿನಕ್ಕೆ 11 ಗ್ಯಾಲನ್. ಒಂದು ಗ್ಯಾಲನ್ನಿನಲ್ಲಿ ಸುಮಾರು 1,38,500 ಬಿಟಿಯು ಶಾಖ ಇರುತ್ತದೆ (ಬಿಟಿಯು ಅಂದರೆ ಇಲ್ಲಿ ಶಾಖ ಅಳೆಯುವ ಮಾನ). ಹಳೇ ಫರ್ನೇಸ್ ಅದರಲ್ಲಿ ಶೇ 75ರಷ್ಟನ್ನು ಮನೆಗೆ ಕೊಡುತ್ತದೆ ಅಂದುಕೊಂಡು 24 ಗಂಟೆಗೆ ಹಂಚಿದರೆ, ಗಂಟೆಗೆ ಸುಮಾರು 47,600 ಬಿಟಿಯು. ಇಂಥ ಮನೆಯ ಚೀಟಿಯಲ್ಲೂ ಒಂದು ಲಕ್ಷ ಅಂತ ಇದ್ದರೆ ಆಶ್ಚರ್ಯ ಪಡಬೇಡಿ!

ಈ ಸಂಖ್ಯೆಗಿಂತ ಸ್ವಲ್ಪ ಮೇಲಿನದನ್ನು ಆರಿಸಬೇಕು. ಅಗತ್ಯದ 1.4 ಪಟ್ಟು ದಾಟಬಾರದು ಅಂತ ಅಮೆರಿಕದ ಗುತ್ತಿಗೆದಾರರ ಕೈಪಿಡಿಯೇ ಹೇಳುತ್ತದೆ. ಅಂದರೆ ನಮ್ಮ ಉದಾಹರಣೆಯ ಮನೆಗೆ 67,000ದ ಒಳಗೆ. ತೀರಾ ಚಿಕ್ಕದೂ ಸಿಗುವುದಿಲ್ಲ, ಯಾಕೆಂದರೆ ಎಣ್ಣೆ ಚಿಮ್ಮಿಸುವ ನಾಝಲ್ ಗಂಟೆಗೆ ಅರ್ಧ ಗ್ಯಾಲನ್‌ಗಿಂತ ಕೆಳಗೆ ಹೋದರೆ ತೂತು ಸಣ್ಣದಾಗಿ ಬೇಗ ಕಟ್ಟಿಕೊಳ್ಳುತ್ತದೆ. ಅರ್ಧ ಗ್ಯಾಲನ್ ನಾಝಲ್, ಶೇ 85 ದಕ್ಷತೆ ಅಂದರೆ ಸುಮಾರು 59,000. ಇಲ್ಲಿಗೆ ಸರಿಯಾಗಿ ಕೂರುತ್ತದೆ. ಚೀಟಿ ಓದುವಾಗ ಇನ್‌ಪುಟ್ (ಉರಿಸುವ ಎಣ್ಣೆಯ ಶಾಖ) ಅಲ್ಲ, ಔಟ್‌ಪುಟ್ (ಮನೆಗೆ ಕೊಡುವ ಶಾಖ) ನೋಡಿ. ಗುತ್ತಿಗೆದಾರರಿಗೆ 'ಮ್ಯಾನ್ಯುಯಲ್ ಜೆ' ಲೆಕ್ಕ ಮಾಡಿಕೊಡಿ ಅಂತ ಕೇಳಿ, ಕೋಣೆ ಕೋಣೆಯ ಶಾಖದ ಲೆಕ್ಕ ಅದು. ಅವರ ಲೆಕ್ಕಕ್ಕೂ ನಿಮ್ಮದಕ್ಕೂ ಅಜಗಜಾಂತರ ಇದ್ದರೆ ಯಾಕೆ ಅಂತ ವಿಚಾರಿಸಿ. ಮುಖ ಸಿಂಡರಿಸುವವರನ್ನು ನಾನಾದರೆ ಅಲ್ಲೇ ಬಿಟ್ಟುಬಿಡುತ್ತೇನೆ.

ದಕ್ಷತೆ ಎಷ್ಟಿರಬೇಕು?

ಇದಕ್ಕೆ ಎಎಫ್‌ಯುಇ ಅನ್ನುವ ಅಳತೆ ಇದೆ, ವರ್ಷಪೂರ್ತಿ ಉರಿಸಿದ ಎಣ್ಣೆಯಲ್ಲಿ ಶೇಕಡಾ ಎಷ್ಟು ಮನೆಗೆ ಬಂತು ಅಂತ. 2013ರಿಂದ ಮನೆಯೊಳಗಿನ ಆಯಿಲ್ ಫರ್ನೇಸ್‌ಗೆ ಕನಿಷ್ಠ ಶೇ 83 ಇರಲೇಬೇಕು. 75ರಿಂದ 85ಕ್ಕೆ ಹೋದರೆ, ಚಳಿಗಾಲಕ್ಕೆ 800 ಗ್ಯಾಲನ್ ಉರಿಸುವ ಮನೆಯಲ್ಲಿ ಸುಮಾರು 95 ಗ್ಯಾಲನ್ ಉಳಿಯುತ್ತದೆ. ಹೊಗೆಯ ಆವಿಯನ್ನೂ ತಣಿಸಿ ಅದರ ಶಾಖ ಹಿಡಿದು ಶೇ 90 ದಾಟುವ ಕಂಡೆನ್ಸಿಂಗ್ ಮಾದರಿಗಳೂ ಇವೆ. ಆದರೆ ಬೆಲೆ ಜಾಸ್ತಿ, ರಿಪೇರಿ ಗೊತ್ತಿರುವವರು ಕಮ್ಮಿ. ನನ್ನ ಕೇಳಿದರೆ 85-86ರದ್ದು ಸಾಕು.

ಗಾಳಿ ತಳ್ಳುವ ಬ್ಲೋವರ್‌ಗೆ ಇಸಿಎಂ ಮೋಟಾರ್ (ಬೇಕಾದಷ್ಟೇ ವೇಗದಲ್ಲಿ ತಿರುಗುವಂಥದ್ದು) ಇರಲಿ, ಕರೆಂಟು ಉಳಿಯುತ್ತದೆ. ಮುಂದೆ ಎಸಿ ಹಾಕಿಸುವ ಯೋಚನೆ ಇದ್ದರೆ ಈಗಲೇ ಹೇಳಿ, ಎಸಿಗೆ ಬ್ಲೋವರ್ ಇನ್ನೂ ಜೋರಿರಬೇಕಾಗಬಹುದು. ಬೇಸ್‌ಮೆಂಟಿನ ಎತ್ತರವನ್ನೂ ಅಳೆದಿಡಿ. ಮೇಲ್ಛಾವಣಿ ತಗ್ಗಾಗಿದ್ದರೆ 'ಲೋಬಾಯ್' ಅನ್ನುವ ಗಿಡ್ಡ ಮಾದರಿ ಬೇಕು.

ರೇಟು ಕೇಳುವಾಗ ಮರೆಯುವ ಎರಡು ಖರ್ಚು

ಒಂದು ಚಿಮಣಿ. ಹೊಸ ಫರ್ನೇಸ್ ಶಾಖವನ್ನು ಒಳಗೇ ಹೆಚ್ಚು ಉಳಿಸಿಕೊಳ್ಳುವುದರಿಂದ ಹೊಗೆ ಮೊದಲಿನಷ್ಟು ಬಿಸಿ ಇರುವುದಿಲ್ಲ, ಹಳೇ ಇಟ್ಟಿಗೆ ಚಿಮಣಿಯೊಳಗೆ ತಣ್ಣಗಾಗಿ ಆಮ್ಲದ ನೀರಾಗಿ ಇಳಿದು ಗಾರೆ ತಿನ್ನುತ್ತದೆ. ಆಗ ಚಿಮಣಿಯೊಳಗೆ ಸ್ಟೇನ್‌ಲೆಸ್ ಸ್ಟೀಲ್ ಲೈನರ್, ಅಂದರೆ ಒಳಕೊಳವೆ ಬೇಕಾಗುತ್ತದೆ.

ಇನ್ನೊಂದು ಟ್ಯಾಂಕ್. ಅದು ಒಳಗಿನಿಂದ ತುಕ್ಕು ಹಿಡಿಯುವುದರಿಂದ ಹೊರಗಿನ ಬಣ್ಣ ನೋಡಿ ನಂಬಬೇಡಿ. ಸೋರಿ ನೆಲಕ್ಕೆ ಇಳಿದರೆ ಶುಚಿ ಮಾಡಿಸುವ ಖರ್ಚು ಹೊಸ ಫರ್ನೇಸಿನ ಬೆಲೆಯನ್ನೇ ಮೀರಬಹುದು, ಸಾಮಾನ್ಯ ಮನೆ ವಿಮೆ ಎಷ್ಟೋ ಸಲ ಅದನ್ನು ಕೊಡುವುದಿಲ್ಲ. ಮ್ಯಾಸಚೂಸೆಟ್ಸ್‌ನಲ್ಲಿ ಎಣ್ಣೆ ಕೊಳವೆಗೆ ರಕ್ಷಾ ಕವಚ ಇಲ್ಲವೇ ಸೇಫ್ಟಿ ವಾಲ್ವ್ ಇರಬೇಕು ಅನ್ನುವ ಕಾನೂನು 2011ರಿಂದಲೇ ಇದೆ. ನಿಮ್ಮ ಮನೆಯಲ್ಲಿದೆಯಾ ನೋಡಿ.

ಕರೆಂಟಿನಿಂದ ಹೊರಗಿನ ಗಾಳಿಯ ಶಾಖವನ್ನು ಒಳಗೆ ತರುವ ಹೀಟ್ ಪಂಪ್ ಹಾಕಿಸಬಹುದಲ್ವಾ ಅಂತ ಕೇಳುತ್ತೀರಿ. ಖಂಡಿತ ಅದರ ರೇಟನ್ನೂ ತರಿಸಿ, ಡಕ್ಟ್ ಆಗಲೇ ಇರುವ ಮನೆಗೆ ಅದೇ ಎಸಿಯೂ ಆಗುತ್ತದೆ. ಅದಕ್ಕೆ ರಾಜ್ಯದ ರಿಯಾಯಿತಿ ಏನಿದೆ ಅಂತ ವಿಚಾರಿಸಿ. ಫೆಡರಲ್ ತೆರಿಗೆ ರಿಯಾಯಿತಿ ಮಾತ್ರ 2025ರ ಡಿಸೆಂಬರ್ 31ಕ್ಕೆ ಮುಗಿಯಿತು, ಯಾರಾದರೂ ಈಗಲೂ ಅದನ್ನು ತೋರಿಸಿ ಮಾರಲು ಬಂದರೆ ಹುಷಾರು.

ಇದೆಲ್ಲ ಏಪ್ರಿಲ್‌ನಿಂದ ಸೆಪ್ಟೆಂಬರ್ ಒಳಗೆ ಮಾಡಿ. ಜನವರಿಯಲ್ಲಿ ಫರ್ನೇಸ್ ಕೈಕೊಟ್ಟರೆ ಚೌಕಾಸಿ ಮಾಡುವ ಸ್ಥಿತಿಯಲ್ಲಿ ನೀವಿರುವುದಿಲ್ಲ. ಕನ್ನಡ ಕೂಟದ ವಾಟ್ಸಾಪ್ ಗುಂಪಿನಲ್ಲಿ ಒಳ್ಳೇ ಕೆಲಸದವರ ಹೆಸರು ಕೇಳಿ, ಆದರೆ ಯಾವ ಸೈಜ್ ಹಾಕಿಸಿದಿರಿ ಅಂತ ಕೇಳಬೇಡಿ, ಅವರ ಮನೆ ನಿಮ್ಮ ಮನೆಯಲ್ಲ. ಮೂರು ಕಡೆಯಾದರೂ ರೇಟು ತರಿಸಿ. ಪರ್ಮಿಟ್ ಯಾರು ತೆಗೆಸುತ್ತಾರೆ, ಹಳೇದನ್ನು ಯಾರು ಸಾಗಿಸುತ್ತಾರೆ, ಚಿಮಣಿ ಸೇರಿದೆಯಾ ಅನ್ನುವುದೆಲ್ಲ ಬರಹದಲ್ಲಿರಲಿ. ಮ್ಯಾಸಚೂಸೆಟ್ಸ್‌ನಲ್ಲಾದರೆ ಈ ಪರ್ಮಿಟ್ ಕೊಡುವುದು ಊರಿನ ಅಗ್ನಿಶಾಮಕ ಇಲಾಖೆ. ಹೊಸದನ್ನು ಹೊತ್ತಿಸಿದ ದಿನವೇ ಹೊಗೆ ಪರೀಕ್ಷೆ ಮಾಡಿಸಿ, ಯಂತ್ರದಿಂದ ಬರುವ ಆ ಚೀಟಿಯ ಒಂದು ಪ್ರತಿ ಇಸಿದುಕೊಂಡು, ಆಮೇಲೆ ಕೊನೆಯ ಕಂತಿನ ಚೆಕ್ ಕೊಡಿ.